ಗಂಟಲಿನ ಚೀಲ: ಶಸ್ತ್ರಚಿಕಿತ್ಸೆಯ ಮೂರು ದಾರಿಗಳು



ಅರವತ್ತು ದಾಟಿದ ಹಿರಿಯರು "ಅನ್ನ ಗಂಟಲಲ್ಲೇ ನಿಲ್ಲುತ್ತದೆ" ಎಂದರೆ ನಾವು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುವುದುಂಟು. ಉಂಡದ್ದು ಗಂಟೆಗಳ ನಂತರ ಜೀರ್ಣವಾಗದೆ ಬಾಯಿಗೆ ಮರಳುವುದು, ಬಾಯಿಯ ದುರ್ವಾಸನೆ, ನುಂಗುವಾಗ ಕುತ್ತಿಗೆಯಲ್ಲಿ ಗುಳುಗುಳು ಸದ್ದು, ಮಲಗಿದಾಗ ಕೆಮ್ಮು ಇವೂ ಸೇರಿದ್ದರೆ ಗಂಟಲಿನ ಹಿಂಬದಿಯಲ್ಲಿ ಚೀಲ ಬೆಳೆದಿರಬಹುದು. 1877ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ರೋಗಶಾಸ್ತ್ರಜ್ಞರ ಹೆಸರಿನಿಂದ ಇದಕ್ಕೆ 'ಜೆಂಕರ್ ಚೀಲ' ಎನ್ನುತ್ತಾರೆ.

ಅನ್ನನಾಳದ ಬಾಯಲ್ಲಿರುವ ಸ್ನಾಯು ನುಂಗುವಾಗ ಸಡಿಲಗೊಳ್ಳಬೇಕು. ಅದು ಸರಿಯಾಗಿ ಬಿಡದಿದ್ದರೆ ಒತ್ತಡ ಹೆಚ್ಚಿ, ಅದರ ಮೇಲಿನ ದುರ್ಬಲ ಜಾಗದಲ್ಲಿ ಒಳಪದರ ಹೊರಕ್ಕೆ ಉಬ್ಬುತ್ತದೆ. ಕೆರೆಯ ತೂಬು ತೆರೆಯದಿದ್ದರೆ ನೀರು ಏರಿಯ ಸಡಿಲ ಜಾಗವನ್ನು ಹುಡುಕುವಂತೆಯೇ ಇದು. ಆದ್ದರಿಂದ ಯಾವ ವಿಧಾನದಲ್ಲೂ ಆ ಸ್ನಾಯುವನ್ನು ಕೊಯ್ದು ದಾರಿ ಬಿಡಿಸುವುದೇ ಮುಖ್ಯ.

1. ಕುತ್ತಿಗೆಯನ್ನು ಕೊಯ್ದು ಮಾಡುವುದು: ಸ್ನಾಯುವನ್ನು ಕೊಯ್ದು, ಚೀಲವನ್ನು ತೆಗೆಯುತ್ತಾರೆ, ಇಲ್ಲವೇ ಆಹಾರ ಒಳಸೇರದಂತೆ ಮೇಲ್ಮುಖವಾಗಿ ಹೊಲಿದು ನಿಲ್ಲಿಸುತ್ತಾರೆ. ತೊಂದರೆ ಮರುಕಳಿಸುವುದು ಕಡಿಮೆ. ಆದರೆ ಆಸ್ಪತ್ರೆಯ ವಾಸ ಹೆಚ್ಚು. ಹೊಲಿಗೆ ಸೋರುವ, ಧ್ವನಿಯ ನರಕ್ಕೆ ಪೆಟ್ಟಾಗಿ ಸ್ವರ ಒಡೆಯುವ ಭಯವೂ ಹೆಚ್ಚು.

2. ಬಾಯಿಯ ಮೂಲಕ ಗಟ್ಟಿ ಕೊಳವೆ ಇಳಿಸಿ ಮಾಡುವುದು: ಚೀಲಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲೇ ಆ ಸ್ನಾಯು ಇರುತ್ತದೆ. ಆ ಗೋಡೆಯನ್ನು ಲೇಸರ್‌ನಿಂದ, ಅಥವಾ 1993ರಿಂದ ಬಳಕೆಗೆ ಬಂದ ಸ್ಟೇಪ್ಲರ್‌ನಿಂದ ಸೀಳುತ್ತಾರೆ. ಹೊರಗಾಯವಿಲ್ಲ, ಬೇಗ ಉಣ್ಣಬಹುದು. ಆದರೆ ಸ್ಟೇಪ್ಲರ್‌ನ ತುದಿ ಕೊಯ್ಯದ ಕಾರಣ ಸುಮಾರು 3 ಸೆಂಟಿಮೀಟರಿಗಿಂತ ಚಿಕ್ಕ ಚೀಲಕ್ಕೆ ಅದು ಒಗ್ಗದು. ಕುತ್ತಿಗೆ ಹಿಂದಕ್ಕೆ ಬಾಗಬೇಕು, ಬಾಯಿ ಅಗಲವಾಗಿ ತೆರೆಯಬೇಕು. ಅಡಿಕೆ ಜಗಿದು ಬಾಯಿ ಬಿಗಿದುಕೊಂಡವರಿಗೆ ಇದು ಕಷ್ಟ. ಅಡಿಕೆ ಬೆಳೆಯುವ ನಾವು ಈ ಮಾತನ್ನು ಮುಚ್ಚಿಡಬಾರದು.

3. ಬಾಗುವ ಎಂಡೋಸ್ಕೋಪಿನಿಂದ ಮಾಡುವುದು: 1995ರಲ್ಲಿ ಇದರ ಮೊದಲ ವರದಿಗಳು ಬಂದವು. ಅದೇ ಗೋಡೆಯನ್ನೇ ಕೊಯ್ಯುತ್ತಾರೆ. ಕುತ್ತಿಗೆ ಬಾಗದವರಿಗೆ, ಅಶಕ್ತ ವೃದ್ಧರಿಗೆ ಅನುಕೂಲ. ಕುತ್ತಿಗೆ ಕೊಯ್ಯುವ ವಿಧಾನಕ್ಕೆ ಹೋಲಿಸಿದರೆ ತೊಂದರೆ ಮರಳುವ ಸಂಭವ ಹೆಚ್ಚು. ಆದರೆ ಮತ್ತೊಮ್ಮೆ ಮಾಡಿಸಬಹುದು.

ತೊಂದರೆ ಕೊಡದ ಸಣ್ಣ ಚೀಲಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ತೂಕ ಇಳಿಯುತ್ತಿದ್ದರೆ, ಅಥವಾ ಚೀಲದ ಅನ್ನ ಶ್ವಾಸಕೋಶಕ್ಕೆ ಇಳಿದು ಮತ್ತೆಮತ್ತೆ ನ್ಯುಮೋನಿಯಾ ಬರುತ್ತಿದ್ದರೆ ತಡಮಾಡಬಾರದು.

ಮೊದಲು ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಬೇಕು. ಅನ್ನನಾಳದ ಕ್ಯಾನ್ಸರಿನಲ್ಲೂ ನುಂಗಲು ಕಷ್ಟವಾಗುವುದರಿಂದ ಪರೀಕ್ಷೆಯಿಲ್ಲದೆ ಊಹಿಸಬಾರದು. ಚೀಲವಿದೆಯೆಂದು ತಿಳಿದಮೇಲೆ, ಗಂಟಲಿಗೆ ಯಾವ ಕೊಳವೆ ಇಳಿಸುವ ಮೊದಲೂ ವೈದ್ಯರಿಗೆ ಅದನ್ನು ಹೇಳಲೇಬೇಕು. ಕೊಳವೆ ಚೀಲಕ್ಕೆ ಹೊಕ್ಕು ತೂತಾಗುವ ಅಪಾಯವಿದೆ.

ವೈದ್ಯರನ್ನು ಹೀಗೆ ಕೇಳಿರಿ: ಚೀಲ ಎಷ್ಟು ದೊಡ್ಡದು? ಸ್ನಾಯುವನ್ನೂ ಕೊಯ್ಯುತ್ತೀರಾ? ತಮಗೆ ಯಾವ ವಿಧಾನದಲ್ಲಿ ಹೆಚ್ಚು ಅಭ್ಯಾಸ? ಮರುಕಳಿಸಿದರೆ ಮುಂದೇನು? ಈ ನಾಲ್ಕಕ್ಕೂ ಉತ್ತರ ಸಿಕ್ಕಿದ ಮೇಲೆ ಮನೆಯವರೊಡನೆ ಕೂತು ತೀರ್ಮಾನಿಸಿರಿ.

– ಕಾರ್ಯದರ್ಶಿ