ಅಡಿಕೆ, ಹೊಗೆಸೊಪ್ಪು ಮತ್ತು ಊಟದ ತಟ್ಟೆ

ಭಾರತದ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳಲ್ಲಿ ಬಾಯಿಯ ಕ್ಯಾನ್ಸರ್ ಒಂದು. ಮುಖ್ಯ ಕಾರಣ ತಂಬಾಕು: ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೆ ತೊಂದರೆಯಿಲ್ಲ ಎಂದು ನಂಬಿದವರು ಬಹಳ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಡಿಕೆ ಬೆಳೆದೇ ಬದುಕುವ ಮಲೆನಾಡಿಗೆ ಇದು ಕಹಿ ಮಾತು, ನಿಜ. ವರ್ಷಗಟ್ಟಲೆ ಜಗಿದವರಿಗೆ ಮೊದಲು ಖಾರ ತಗುಲಿದರೆ ಬಾಯಿ ಉರಿಯುತ್ತದೆ. ಬರಬರುತ್ತ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಬಿಳಿ ಇಲ್ಲವೆ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ, ದಂತವೈದ್ಯರಿಗೆ ತೋರಿಸಲು ತಡಮಾಡಬಾರದು.

ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ. ತಂಬಾಕಿನ ಜೊತೆ ಸೇರಿದರೆ ಬಾಯಿ, ಗಂಟಲಿನ ಅಪಾಯ ಹಲವು ಪಟ್ಟು.

ಊಟದ ವಿಷಯ ಇಷ್ಟು ಖಡಾಖಂಡಿತವಲ್ಲ. ಯಾವುದೋ ಒಂದು ಸೊಪ್ಪೋ ಕಷಾಯವೋ ಕ್ಯಾನ್ಸರ್ ತಡೆಯುತ್ತದೆ ಎನ್ನಲಾಗದು. ದಿನಕ್ಕೆ 400 ಗ್ರಾಂನಷ್ಟು ತರಕಾರಿ, ಹಣ್ಣು ತಿನ್ನಬೇಕೆಂಬುದು ಸಾಮಾನ್ಯ ಸಲಹೆ. ರಾಗಿ, ಜೋಳ, ಕಾಳುಗಳ ನಾರು ದೊಡ್ಡ ಕರುಳಿಗೆ ಒಳ್ಳೆಯದು. ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳವನ್ನು ಎಸೆಯುವುದೇ ಸರಿ, ಏಕೆಂದರೆ ಅದರಲ್ಲಿರಬಹುದಾದ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣ. ಹುರಿದರೂ ಅದು ಪೂರ್ತಿ ಹೋಗದು. ಸಾಸೇಜ್‌ನಂಥ ಸಂಸ್ಕರಿತ ಮಾಂಸ ಅಪರೂಪಕ್ಕೆ ಸಾಕು.

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ತೂಕವನ್ನು ಹಿಡಿತದಲ್ಲಿಡಲು ನೆರವಾಗುತ್ತದೆ. ಬೊಜ್ಜಿಗೂ ಮುಟ್ಟು ನಿಂತ ನಂತರದ ಸ್ತನ ಕ್ಯಾನ್ಸರ್‌ಗೂ ನಂಟಿದೆ.