ಕಾಲೇಜಿಗೆ ಆಡಲೋ, ಕಾಲು ಉಳಿಸಿಕೊಳ್ಳಲೋ?

ಪ್ರಶ್ನೆ: ನಮ್ಮೂರು ಚಿಕ್ಕಜಾಜೂರಿನ ಹತ್ತಿರ. ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ, ಕಾಲೇಜು ಕಬಡ್ಡಿ ತಂಡದ ಮುಖ್ಯ ರೈಡರ್. ಪ್ರೊ ಕಬಡ್ಡಿ ತಂಡವೊಂದರ ಆಯ್ಕೆ ಶಿಬಿರಕ್ಕೆ ಬೆಂಗಳೂರಿನಿಂದ ಕರೆ ಬಂದಿದೆ. ಅದಕ್ಕೆ ಮೂರು ವಾರ ಮೊದಲು ದಾವಣಗೆರೆ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿ ಇದೆ. ಹೋದ ವರ್ಷ ಬಲ ಮಂಡಿ ಉಳುಕಿ ಎರಡು ತಿಂಗಳು ಮನೆಯಲ್ಲಿ ಕೂತಿದ್ದೆ. ‘ಈಗ ಕಾಲೇಜಿಗೆ ಆಡೋಕೆ ಹೋಗಿ ಕಾಲು ಮುರ್ಕೊಂಡ್ರೆ ನಿನ್ನ ಗತಿ ಏನು’ ಅಂತ ಅಪ್ಪ ಕೇಳುತ್ತಾರೆ. ಆಡಲ್ಲ ಅಂದಿದ್ದಕ್ಕೆ ತಂಡದ ಹುಡುಗರು ಮಾತು ಬಿಟ್ಟಿದ್ದಾರೆ. ಕಷ್ಟಕಾಲದಲ್ಲಿ ಫೀಸು ಕಟ್ಟಿದ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಮಾತ್ರ ಒಂದು ಮಾತೂ ಬೈಯಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿದೆ. ನಾನು ಸ್ವಾರ್ಥಿಯಾ? ಪಕ್ಕದೂರಿನ ಜಾತ್ರೆಯ ಹೊನಲು ಬೆಳಕಿನ ಪಂದ್ಯಾವಳಿಗೆ ಮಾತ್ರ ಬರುತ್ತೇನೆ ಎಂದು ಗೆಳೆಯರಿಗೆ ಹೇಳಿದ್ದೇನೆ. ಅದು ಒಂದೇ ರಾತ್ರಿ.
– ಹೆಸರು ಬೇಡ, ಹೊಳಲ್ಕೆರೆ ತಾಲ್ಲೂಕು

ಉತ್ತರ: ನೀವು ಸ್ವಾರ್ಥಿಯಲ್ಲ. ಆಟಗಾರನಿಗೆ ಮೈಯೇ ಬಂಡವಾಳ. ಅದನ್ನು ಕಾಪಾಡಿಕೊಳ್ಳುವವನಿಗೆ ದ್ರೋಹಿ ಎಂಬ ಪಟ್ಟ ಕಟ್ಟುವುದು ಸರಿಯಲ್ಲ. ಆದರೆ ನೀವು ಬಿಡಲು ಹೊರಟಿರುವ ಆಟ ಯಾವುದು, ಆಡಲು ಒಪ್ಪಿಕೊಂಡಿರುವ ಆಟ ಯಾವುದು ಎಂಬುದನ್ನು ಇನ್ನೊಮ್ಮೆ ನೋಡಬೇಕು.

ಈ ಇಕ್ಕಟ್ಟು ನಿಮ್ಮೊಬ್ಬರದೇ ಅಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಋತುವಿನ ಕೊನೆಗೆ ‘ಬೌಲ್’ ಎಂಬ ಪಂದ್ಯಗಳು ನಡೆಯುತ್ತವೆ. 2016ರ ಜನವರಿ 1ರಂದು ನೋಟ್ರ ಡೇಮ್ ವಿಶ್ವವಿದ್ಯಾಲಯದ ಜೇಲನ್ ಸ್ಮಿತ್ ಅಂಥದೊಂದು ಪಂದ್ಯದಲ್ಲಿ ಮಂಡಿಯ ಅಸ್ಥಿರಜ್ಜು ಹರಿದುಕೊಂಡರು. ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಮುಂಚೂಣಿಯಲ್ಲಿ ಇರಬೇಕಿದ್ದ ಅವರು 34ನೆಯವರಾಗಿ ಆಯ್ಕೆಯಾದರು. ಆ ವರ್ಷವಿಡೀ ಕಣಕ್ಕೆ ಇಳಿಯಲಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಲಿಯೊನಾರ್ಡ್ ಫೋರ್ನೆಟ್ ಮತ್ತು ಕ್ರಿಶ್ಚಿಯನ್ ಮೆಕ್ಯಾಫ್ರಿ ಎಂಬ ಇನ್ನಿಬ್ಬರು ಕಾಲೇಜು ಆಟಗಾರರು ತಮ್ಮ ತಂಡಗಳ ಬೌಲ್ ಪಂದ್ಯದಿಂದ ಹಿಂದೆ ಸರಿದರು. ಸಾಕಷ್ಟು ಬೈಗುಳ ತಿಂದರು. ಮರುವರ್ಷದ ಆಯ್ಕೆಯಲ್ಲಿ ಒಬ್ಬರು 4ನೆಯವರಾದರು, ಇನ್ನೊಬ್ಬರು 8ನೆಯವರು. ಆಮೇಲೆ ಅಲ್ಲಿ ಹೀಗೆ ಹಿಂದೆ ಸರಿಯುವುದು ರೂಢಿಯೇ ಆಗಿಬಿಟ್ಟಿತು.

ನಿಮ್ಮ ತಂದೆಯ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಅನ್ನಿಸಬಹುದು. ಆದರೆ ಹಿಂದೆ ಸರಿದ ಆ ಇಬ್ಬರು ಅಷ್ಟರಲ್ಲಾಗಲೇ ತಮ್ಮ ಯೋಗ್ಯತೆಯನ್ನು ತೋರಿಸಿ ಆಗಿತ್ತು. ಬೌಲ್ ಪಂದ್ಯ ಬಿಟ್ಟಿದ್ದರಿಂದ ಅವರು ಹೆಚ್ಚೆಂದರೆ ಒಂದು ಟ್ರೋಫಿ ಕಳೆದುಕೊಂಡರು. ನಿಮ್ಮ ವಿಷಯ ಹಾಗಲ್ಲ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಆಡಿದವರನ್ನು ನೋಡಿಯೇ ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ಆ ತಂಡ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತದೆ. ಅಲ್ಲಿ ಆಡಿದ ಪ್ರಮಾಣಪತ್ರ ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೌಕರಿಗೆ ಅರ್ಜಿ ಹಾಕಲು ಒಂದು ಅರ್ಹತೆ. ರೈಲ್ವೆಯಲ್ಲೂ ಈ ಕೋಟಾ ಇದೆ. ಚಿಕ್ಕಜಾಜೂರಿನಂಥ ಜಂಕ್ಷನ್ ಊರಿನ ಮಗ್ಗುಲಲ್ಲಿ ಬೆಳೆದವರಿಗೆ ರೈಲ್ವೆ ನೌಕರಿಯ ಬೆಲೆ ನಾನು ಹೇಳಬೇಕಾಗಿಲ್ಲ. ಆಯ್ಕೆ ಶಿಬಿರದ ಕರೆ ಸಂತೋಷದ ಸುದ್ದಿಯೇ, ಆದರೆ ಅಂಥ ಶಿಬಿರಕ್ಕೆ ಹೋದವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಮರಳುತ್ತಾರೆ. ಅದು ಕೈತಪ್ಪಿದರೂ ಈ ಪ್ರಮಾಣಪತ್ರ ಕೈಯಲ್ಲಿರಬೇಕು.

ಇನ್ನು ಆ ‘ಒಂದೇ ರಾತ್ರಿ’. ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಅದೇ. ಹೊನಲು ಬೆಳಕಿನ ಪಂದ್ಯಾವಳಿ ಹೇಗೆ ನಡೆಯುತ್ತದೆಂದು ನಿಮಗೇ ಗೊತ್ತು. ಮ್ಯಾಟ್ ಇರುವುದು ಅಪರೂಪ, ನೀರು ಚಿಮುಕಿಸಿ ಗಟ್ಟಿ ಮಾಡಿದ ಮಣ್ಣು. ಸಂಜೆ ಏಳಕ್ಕೆ ಎಂದು ಬ್ಯಾನರಿನಲ್ಲಿ ಬರೆದಿರುತ್ತಾರೆ, ಗಣ್ಯರ ಭಾಷಣ ಮುಗಿದು ಮೊದಲ ಪಂದ್ಯ ಶುರುವಾಗುವಾಗ ಹತ್ತು ದಾಟಿರುತ್ತದೆ. ಗೆಲ್ಲುತ್ತಾ ಹೋದರೆ ಒಂದೇ ರಾತ್ರಿ ನಾಲ್ಕೈದು ಪಂದ್ಯ. ನಡುನಡುವೆ ಗಂಟೆಗಟ್ಟಲೆ ಚಳಿಯಲ್ಲಿ ಟವೆಲ್ ಹೊದ್ದು ಕೂತು, ಮೈ ಪೂರ್ತಿ ತಣ್ಣಗಾದ ಮೇಲೆ ಬೆಳಗಿನ ಜಾವ ಮೂರಕ್ಕೆ ಫೈನಲ್‌ಗೆ ಇಳಿಯಬೇಕು. ದಣಿದ ಕಾಲು ಸರಕ್ಕನೆ ತಿರುಗುವುದಿಲ್ಲ. ಕಾರ್ನರ್‌ನವನು ಆಂಕಲ್ ಹಿಡಿದಾಗ ಪಾದ ಅಲ್ಲೇ ಕಚ್ಚಿಕೊಂಡು ಮೈ ಮಾತ್ರ ತಿರುಗಿದರೆ ಮಂಡಿ ಹೋಗುವುದು ಹಾಗೆಯೇ.

ಪ್ರೊ ಕಬಡ್ಡಿಯ ರೈಡರ್ ಪವನ್ ಸೆಹ್ರಾವತ್ ಅವರನ್ನೇ ನೋಡಿ. 2022ರಲ್ಲಿ ತಮಿಳ್ ತಲೈವಾಸ್ ತಂಡ ಅವರಿಗೆ 2.26 ಕೋಟಿ ರೂಪಾಯಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು ಬಿದ್ದು ಆ ಋತು ಅವರ ಪಾಲಿಗೆ ಮುಗಿಯಿತು. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದ ತಂಡದ ನಾಯಕ ಅವರೇ. ಅದಾದ ಮೇಲೆ ತೆಲುಗು ಟೈಟನ್ಸ್ 2.6 ಕೋಟಿಗೂ ಹೆಚ್ಚು ಕೊಟ್ಟು ಕೊಂಡುಕೊಂಡಿತು. ಮಂಡಿ ಹೋದರೆ ಬದುಕೇ ಹೋಯಿತು ಎಂದೇನಿಲ್ಲ. ಆದರೆ ಅಷ್ಟು ಹೆಸರು ಮಾಡಿದ ಆಟಗಾರನ ಆರೈಕೆಗೆ ವೈದ್ಯರಿದ್ದರು, ಮರಳಿ ಬರುವವರೆಗೆ ಕಾಯುವ ತಂಡಗಳಿದ್ದವು. ಜಾತ್ರೆಯಲ್ಲಿ ಬಿದ್ದವನನ್ನು ಬೈಕಿನಲ್ಲಿ ಕೂರಿಸಿ ಮನೆಗೆ ಬಿಡುತ್ತಾರೆ. ಮಂಡಿಯ ಶಸ್ತ್ರಚಿಕಿತ್ಸೆಯ ಖರ್ಚು ನಿಮ್ಮ ತಂದೆಯ ತಲೆಯ ಮೇಲೆ.

ಆದ್ದರಿಂದ ಈ ವಾರವೇ ದಾವಣಗೆರೆಗೆ ಹೋಗಿ ಒಬ್ಬ ಮೂಳೆ ತಜ್ಞರಿಗೆ ಮಂಡಿ ತೋರಿಸಿ. ಅಭ್ಯಾಸದ ಮರುದಿನ ಮಂಡಿ ಊದುತ್ತದೆಯೇ? ಮೆಟ್ಟಿಲು ಇಳಿಯುವಾಗ, ಥಟ್ಟನೆ ತಿರುಗುವಾಗ ಕಾಲು ಜಾರಿದಂತೆ ಆಗುತ್ತದೆಯೇ? ಮುಚ್ಚಿಡದೆ ಹೇಳಿ. ಅವರು ಬೇಡ ಎಂದರೆ ಎಲ್ಲಿಯೂ ಆಡಬೇಡಿ. ಶಿಬಿರದವರಿಗೂ ಅದನ್ನು ತಿಳಿಸಿ. ಮಂಡಿ ಸರಿಯಿದೆ ಎಂದರೆ ಕಾಲೇಜಿಗೆ ಆಡಿ. ಮೂರು ವಾರ ಅಂಗಳಕ್ಕೇ ಇಳಿಯದೆ ನೇರ ಶಿಬಿರಕ್ಕೆ ಹೋಗುವುದಕ್ಕಿಂತ, ಪಂದ್ಯದ ಬಿಸಿ ಕಂಡ ಮೈಯಲ್ಲಿ ಹೋಗುವುದು ಮೇಲು.

ಪಿ.ಡಿ. ಸರ್ ಹತ್ತಿರ ಫೋನಿನಲ್ಲಿ ಮಾತಾಡಬೇಡಿ, ಎದುರಿಗೆ ಹೋಗಿ. ‘ಸರ್, ಮಂಡಿ ಭಯ ಇದೆ, ಡಾಕ್ಟರಿಗೆ ತೋರಿಸ್ತಾ ಇದ್ದೀನಿ, ಅವರು ಹೇಳಿದ ಹಾಗೆ ಮಾಡ್ತೀನಿ’ ಎಂದರೆ ಸಾಕು. ತಂಡದ ಪಟ್ಟಿ ಹೋಗುವ ಮೊದಲೇ ಗೊತ್ತಾದರೆ ಅವರು ಇನ್ನೊಬ್ಬ ರೈಡರ್‌ನನ್ನು ತಯಾರು ಮಾಡಿಕೊಳ್ಳುತ್ತಾರೆ. ಆಡಲಾಗದಿದ್ದರೆ ಬೆಂಚಿನಲ್ಲಿ ಕೂತು ಹುಡುಗರಿಗೆ ಎದುರಾಳಿಯ ಆಟ ತಿಳಿಸಿಕೊಡಿ. ಮಾತು ಬಿಟ್ಟವರು ಮಾತಾಡುತ್ತಾರೆ. ಜಾತ್ರೆಯ ಆಟಕ್ಕೆಂದು ಗೆಳೆಯರಿಗೆ ಕೊಟ್ಟ ಮಾತು ತಪ್ಪಿದ್ದಕ್ಕೆ ಕ್ಷಮೆ ಕೇಳಿ, ಬದಲಿ ಆಟಗಾರನನ್ನು ನೀವೇ ಹುಡುಕಿಕೊಡಿ. ತಂದೆಗೆ ಈ ಉತ್ತರವನ್ನೇ ಓದಿ ಹೇಳಿ. ಮಗ ನೆಟ್ಟಗೆ ನಿಲ್ಲಲಿ ಎಂಬುದಷ್ಟೇ ಅವರ ಆಸೆ, ಅದರಲ್ಲಿ ತಪ್ಪಿಲ್ಲ.

ಕಾಲೇಜಿನ ಆಟ ಆಡುವುದು ಬಿಡುವುದು ವೈದ್ಯರ ಮಾತಿನ ಮೇಲೆ ಇರಲಿ. ಜಾತ್ರೆಯ ಆಟಕ್ಕೆ ಯಾರ ಮಾತೂ ಬೇಕಿಲ್ಲ, ಈ ಸಲ ಅದನ್ನು ಬಿಟ್ಟುಬಿಡಿ.