ನಿನ್ನ ಮಾತಿಗೆ ಸಾಕ್ಷಿ ಎಲ್ಲಿ?

ಪುಟ್ಟಾ,

ಅಮೆರಿಕನ್ ಹಿಸ್ಟರಿಯ ಮೊದಲ ಪ್ರಬಂಧಕ್ಕೆ ನಿನಗೆ ಸಿ ಬಂದಿದೆ ಅಂತ ಅತ್ತಿಗೆ ಫೋನ್ ಮಾಡಿದ್ದರು. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ನೂರಕ್ಕೆ 97 ತೆಗೆದ ಹುಡುಗನಿಗೆ ಹೀಗಾಯಿತಲ್ಲ ಅಂತ ಅವರಿಗೆ ಸಂಕಟ. ನೀನು ಕಳಿಸಿದ ಹಾಳೆಗಳನ್ನು ಓದಿದೆ. ನ್ಯೂಜೆರ್ಸಿಯ ಹೈಸ್ಕೂಲಿನಲ್ಲಿ ಇದೇ ಪಾಠವನ್ನು ಬಹಳ ವರ್ಷ ಮಾಡಿದವಳಾಗಿ ಹೇಳುತ್ತೇನೆ, ನಿಮ್ಮ ಮೇಷ್ಟರು ಕೊಟ್ಟ ಗ್ರೇಡ್ ಸರಿಯಾಗಿಯೇ ಇದೆ. ಓದಿನಲ್ಲಿ ಕೊರತೆಯಿಲ್ಲ. ಇಸವಿ ಒಂದೂ ತಪ್ಪಿಲ್ಲ, ಹೆಸರು ತಪ್ಪಿಲ್ಲ. ಆದರೆ ಅಷ್ಟೂ ಹಾಳೆ ಹುಡುಕಿದರೂ ನೀನು ಏನು ಹೇಳಹೊರಟಿದ್ದೀಯ ಅನ್ನುವುದು ಸಿಗಲಿಲ್ಲ.

ಊರಿನಲ್ಲಿ ನಾವೆಲ್ಲ ಕಲಿತ ರೀತಿ ಬೇರೆ. 1857ರ ದಂಗೆಗೆ ಕಾರಣಗಳೇನು ಅಂದರೆ ರಾಜಕೀಯ, ಆರ್ಥಿಕ, ಆಡಳಿತಾತ್ಮಕ, ಸೈನಿಕ, ಕೊನೆಗೆ ತತ್‌ಕ್ಷಣದ ಕಾರಣ ಅಂತ ಒಂದರ ಕೆಳಗೊಂದು ಬರೆದು ಅಡಿಗೆರೆ ಎಳೆದರೆ ಪೂರ್ತಿ ಅಂಕ. ಆ ಕಲಿಕೆಯನ್ನು ನಾನು ಹೀಗಳೆಯುವುದಿಲ್ಲ. ಅದರಿಂದಲೇ ನಿನಗೆ ಕಾಲಕ್ರಮ ಗಟ್ಟಿಯಾಗಿದೆ. ಇಲ್ಲಿನ ಎಷ್ಟೋ ಮಕ್ಕಳು ಅದಕ್ಕೇ ತಡವರಿಸುವುದನ್ನು ಕಂಡಿದ್ದೇನೆ. ಇಲ್ಲಿಯ ಮೇಷ್ಟರು ಅದರ ಮುಂದಿನದನ್ನು ಕೇಳುತ್ತಾರೆ. ಆ ಐದರಲ್ಲಿ ಯಾವ ಕಾರಣ ಉಳಿದವನ್ನೆಲ್ಲ ಎಳೆದು ತಂದಿತು? ಯಾಕೆ ಹಾಗನ್ನುತ್ತೀಯ? ಒಪ್ಪದವರ ಎದುರು ಏನನ್ನು ತೋರಿಸುತ್ತೀಯ?

ನಿನಗೆ ಕೊಟ್ಟ ಪ್ರಶ್ನೆಯನ್ನೇ ನೋಡು. ಅಮೆರಿಕದ ಕ್ರಾಂತಿ ಅಲ್ಲಿಯ ಸಮಾಜವನ್ನು ಎಷ್ಟರಮಟ್ಟಿಗೆ ಬದಲಿಸಿತು? ‘ಕ್ರಾಂತಿಯಿಂದ ಸಮಾಜದಲ್ಲಿ ಅನೇಕ ಬದಲಾವಣೆಗಳಾದವು’ ಎಂದು ನೀನು ಶುರುಮಾಡಿದ್ದೀಯ. ಇದನ್ನು ಯಾರೂ ಅಲ್ಲಗಳೆಯಲಾರರು, ಆದ್ದರಿಂದಲೇ ಇದು ಥೀಸಿಸ್ ಆಗುವುದಿಲ್ಲ. ಹೀಗೆ ಬರೆದು ನೋಡು: ‘ಸಮಾನತೆಯ ಮಾತು ಎಲ್ಲರ ಕಿವಿಗೂ ಬಿತ್ತು, ಆದರೆ ಅದನ್ನು ಹಕ್ಕಾಗಿ ಉಳಿಸಿಕೊಳ್ಳುವ ಬಲ ಬಿಳಿಯ ಗಂಡಸರಿಗೆ ಮಾತ್ರ ದಕ್ಕಿತು.’ ಈಗ ನೀನು ಒಂದು ಮಾತಿಗೆ ಸಿಕ್ಕಿಕೊಂಡೆ. ಇನ್ನು ಸಾಕ್ಷಿ ತರಲೇಬೇಕು. ಅದಕ್ಕೆ ದೂರ ಹೋಗಬೇಕಿಲ್ಲ. ನೀನಿರುವ ನ್ಯೂಜೆರ್ಸಿಯ 1776ರ ಸಂವಿಧಾನ 50 ಪೌಂಡಿನ ಆಸ್ತಿಯಿದ್ದ ನಿವಾಸಿಗಳಿಗೆಲ್ಲ ಮತ ಕೊಟ್ಟಿತ್ತು. ಹೆಂಗಸರು ಎಂದು ಹೊರಗಿಟ್ಟಿರಲಿಲ್ಲ, ಕಪ್ಪುಜನರು ಎಂದೂ ಹೊರಗಿಟ್ಟಿರಲಿಲ್ಲ. ಆಸ್ತಿಯಿದ್ದ ಅವಿವಾಹಿತ ಹೆಂಗಸರು, ವಿಧವೆಯರು ಇಲ್ಲಿ ನಿಜಕ್ಕೂ ಮತ ಹಾಕಿದರು. 1807ರಲ್ಲಿ ಶಾಸನಸಭೆ ಅದನ್ನು ಕಿತ್ತುಕೊಂಡು ಬಿಳಿಯ ಗಂಡಸರಿಗೆ ಸೀಮಿತ ಮಾಡಿತು. ಬಾಗಿಲು ತೆರೆದದ್ದೂ ನಿಜ, ಮುಚ್ಚಿದ್ದೂ ನಿಜ. ಪಕ್ಕದ ಪೆನ್ಸಿಲ್ವೇನಿಯಾ 1780ರಲ್ಲಿ ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆಯುವ ಕಾನೂನು ಮಾಡಿತು. ಸ್ವಾತಂತ್ರ್ಯ ಘೋಷಣೆ ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ. ಇವೆಲ್ಲ ನಿನ್ನ ಪ್ರಬಂಧದಲ್ಲೂ ಚದುರಿಕೊಂಡಿವೆ. ಯಾವುದಕ್ಕೂ ಕೆಲಸ ಕೊಟ್ಟಿಲ್ಲ, ಅಷ್ಟೇ.

ನೀನು ಮೇನಲ್ಲಿ ಬರೆಯುವ ಎಪಿ ಪರೀಕ್ಷೆಯ ಡಿಬಿಕ್ಯೂ, ಅಂದರೆ ಕೊಟ್ಟ ದಾಖಲೆಗಳ ಆಧಾರದ ಮೇಲೆ ಬರೆಯುವ ದೊಡ್ಡ ಪ್ರಶ್ನೆಯೂ ಇದನ್ನೇ ಅಳೆಯುತ್ತದೆ. ಏಳು ದಾಖಲೆಗಳು, ಒಂದು ಗಂಟೆ, ಏಳು ಅಂಕ. ಥೀಸಿಸ್‌ಗೆ ಒಂದು, ಹಿನ್ನೆಲೆಗೆ ಒಂದು, ಸಾಕ್ಷ್ಯಕ್ಕೆ ಮೂರು, ವಿಶ್ಲೇಷಣೆಗೆ ಎರಡು. ನೆನಪಿಗೆ ಅಂತ ಬೇರೆ ಅಂಕವೇ ಇಲ್ಲ. ನೀನು ದಾಖಲೆಗಳನ್ನು ಮದುವೆಮನೆಯಲ್ಲಿ ನೆಂಟರ ಪರಿಚಯ ಮಾಡಿಸುವ ಹಾಗೆ ಇವರು ಇಂಥವರು, ಅವರು ಅಂಥವರು ಅಂತ ಸಾಲಾಗಿ ನಿಲ್ಲಿಸಿದ್ದೀಯ. ಅವರು ಒಬ್ಬರಿಗೊಬ್ಬರು ಏನು ಹೇಳಿದರು, ಯಾರು ಯಾರನ್ನು ಒಪ್ಪಲಿಲ್ಲ ಅನ್ನುವುದು ಬರಲಿ. ಹೇಳಿದವರು ಯಾರು, ಯಾರೆದುರು, ಯಾವಾಗ ಅಂತಲೂ ಕೇಳು. ಫ್ರೆಡರಿಕ್ ಡಗ್ಲಸ್ ತನ್ನ ಪ್ರಸಿದ್ಧ ಭಾಷಣ ಮಾಡಿದ್ದು 1852ರ ಜುಲೈ 5ರಂದು, ರಾಚೆಸ್ಟರ್‌ನಲ್ಲಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಮನುಷ್ಯ, ಸ್ವಾತಂತ್ರ್ಯೋತ್ಸವದ ಮರುದಿನ, ಗುಲಾಮಗಿರಿ ವಿರೋಧಿ ಮಹಿಳಾ ಸಂಘದ ಕರೆಯ ಮೇಲೆ ನಿಂತು, ಈ ಹಬ್ಬ ನಿಮ್ಮದು, ನಮ್ಮದಲ್ಲ ಎಂಬರ್ಥದ ಮಾತಾಡಿದ. ಕೇಳುತ್ತಿದ್ದವರು ಅವನ ಬೆಂಬಲಿಗರೇ. ಬೆಂಬಲಿಗರಿಗೂ ಅಷ್ಟು ಕಟುವಾಗಿ ಯಾಕೆ ಹೇಳಬೇಕಾಯಿತು? ಆ ಯಾಕೆಗೆ ಮಕ್ಕಳು ಬರೆದ ಎರಡು ವಾಕ್ಯಕ್ಕೆ ನಾನು ಯಾವತ್ತೂ ಅಂಕ ತಡೆದವಳಲ್ಲ.

ಕೊಟ್ಟ ದಾಖಲೆಗಳ ಹೊರಗಿನ ಸಾಕ್ಷ್ಯಕ್ಕೂ ಒಂದು ಅಂಕವಿದೆ. ಇಲ್ಲಿ ನಿನ್ನ ಹತ್ತಿರ ಒಂದು ಬಂಡವಾಳವಿದೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತ ಕಾರ್ನ್‌ವಾಲಿಸ್ ಯಾರು? ಹತ್ತು ವರ್ಷದ ಮೇಲೆ, 1791ರಲ್ಲಿ, ಬೆಂಗಳೂರು ಕೋಟೆ ಹಿಡಿದವನು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮೇಲೆ ಒಪ್ಪಂದ ಹೇರಿದವನು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿಗೆ ಹೈದರಾಲಿಯ ಹೆಸರಿಟ್ಟಿದ್ದರು. ಬ್ರಿಟನ್ನಿನ ಎದುರು ಅದೇ ಹೊತ್ತಿನಲ್ಲಿ ಮೈಸೂರಿನಲ್ಲೂ ಯುದ್ಧ ನಡೆದಿತ್ತು, ಅದರ ಸುದ್ದಿ ಫಿಲಡೆಲ್ಫಿಯಾದವರೆಗೆ ಮುಟ್ಟಿತ್ತು. ಪ್ರಶ್ನೆ ‘ಬ್ರಿಟನ್ ಯಾಕೆ ಸೋತಿತು’ ಎಂದಿದ್ದರೆ ಇದನ್ನು ತಾ. ಅದರ ಸೇನೆ, ನೌಕಾಬಲ ಎಷ್ಟು ಕಡೆ ಹರಿದು ಹಂಚಿಹೋಗಿತ್ತು ಎಂಬ ಹಿನ್ನೆಲೆ ತಾನಾಗಿ ಸಿಗುತ್ತದೆ. ನ್ಯೂಜೆರ್ಸಿ ಹೆಂಗಸರ ಮತದ ಪ್ರಶ್ನೆಗೆ ಹೈದರನನ್ನು ಕರೆತರಬೇಡ. ನಮ್ಮೂರಿನ ಹೆಸರು ಎಂಬ ಪ್ರೀತಿಗೆ ಅಂಕವಿಲ್ಲ.

ಇನ್ನೊಂದು ಮಾತು, ಇದನ್ನು ಗಮನವಿಟ್ಟು ಕೇಳು. ನಿನ್ನ ಮೂರನೇ ಪ್ಯಾರಾದ ಎರಡು ವಾಕ್ಯ ಪಠ್ಯಪುಸ್ತಕದಿಂದ ಹಾಗೇ ಇಳಿದಿವೆ. ಊರಿನಲ್ಲಿ ಪುಸ್ತಕದ ಮಾತನ್ನು ತಪ್ಪಿಲ್ಲದೆ ಒಪ್ಪಿಸಿದವನು ಜಾಣ. ಕದಿಯಬೇಕೆಂದು ನೀನು ಮಾಡಿಲ್ಲ ಅಂತ ನನಗೆ ಗೊತ್ತು. ಇಲ್ಲಿ ಮಾತ್ರ ಅದನ್ನು ಕಳವು ಅಂತಲೇ ಎಣಿಸುತ್ತಾರೆ. ಸೊನ್ನೆ ಕೊಡುವುದಲ್ಲದೆ ಕೌನ್ಸೆಲರ್‌ವರೆಗೆ ಹೋಗಬಹುದು. ಎಐ ಬರೆದುಕೊಟ್ಟದ್ದನ್ನು ನಿನ್ನದೆಂದು ಕೊಟ್ಟರೂ ಅಷ್ಟೇ. ಪುಸ್ತಕ ಮುಚ್ಚಿಟ್ಟು ಬರೆ. ಒರಟಾಗಿದ್ದರೂ ವಾಕ್ಯ ನಿನ್ನದಿರಲಿ.

ವರ್ಷದ ಮೊದಲ ದಿನ ಕೊಟ್ಟ ಸಿಲಬಸ್‌ಗೆ ಅಪ್ಪನ ಸಹಿ ಹಾಕಿಸಿ ವಾಪಸ್ ಕೊಟ್ಟೆಯಲ್ಲ, ಅದನ್ನು ಓದಿದೆಯಾ? ಪರೀಕ್ಷೆಗೆಷ್ಟು, ಬರವಣಿಗೆಗೆಷ್ಟು, ಹೋಮ್‌ವರ್ಕಿಗೆಷ್ಟು, ಚರ್ಚೆಗೆಷ್ಟು, ತಡವಾದರೆ ಎಷ್ಟು ಕಳೆಯುತ್ತಾರೆ, ಎಲ್ಲ ಅದರಲ್ಲಿರುತ್ತದೆ. ಬೋರ್ಡ್ ಪರೀಕ್ಷೆಯ ಹಾಗೆ ಮಾರ್ಚಿನಲ್ಲಿ ಒಂದೇ ಏಟಿಗೆ ತೀರಿಸುವ ಲೆಕ್ಕ ಇಲ್ಲಿಲ್ಲ. ಮೂರು ಕೆಲಸಕ್ಕೆ ತೊಂಬತ್ತು ಬಂದು ಕೊಡದೇ ಬಿಟ್ಟ ನಾಲ್ಕನೆಯದಕ್ಕೆ ಸೊನ್ನೆ ಬಿದ್ದರೆ ಸರಾಸರಿ 67.5. ಬಹಳ ಶಾಲೆಗಳಲ್ಲಿ ಅದು ಡಿ. ಅರ್ಧ ಆಗಿದ್ದರೂ ಕೊಡು. ಮೇ ತಿಂಗಳ ಎಪಿ ಪರೀಕ್ಷೆ ಬೇರೆ, ಅದರ ಒಂದರಿಂದ ಐದರ ಅಂಕವೂ ಬೇರೆ. ಅದು ಚೆನ್ನಾಗಿ ಬಂದಿತೆಂದು ಶಾಲೆಯ ಗ್ರೇಡ್ ಮೇಲೇಳುವುದಿಲ್ಲ.

ಮೇಷ್ಟರ ಹತ್ತಿರ ಹೋಗುವುದಕ್ಕೆ ಹಿಂಜರಿಯಬೇಡ. ಅಂಕ ಹೆಚ್ಚಿಸಿ ಅಂತ ಕೇಳಬೇಡ. ತಿದ್ದಿದ ಒಂದು ಪ್ಯಾರಾ ಕೈಯಲ್ಲಿಟ್ಟುಕೊಂಡು ‘ಈಗ ಸಾಕ್ಷ್ಯ ನನ್ನ ಮಾತಿಗೆ ಹೊಂದಿತೇ’ ಅಂತ ಕೇಳು. ಹಾಗೆ ಬಂದ ಮಕ್ಕಳಿಗಾಗಿ ನಾನು ಊಟದ ಬಿಡುವನ್ನು ಸಂತೋಷವಾಗಿ ಬಿಟ್ಟಿದ್ದೇನೆ. ತರಗತಿಯಲ್ಲಿ ತಲೆತಗ್ಗಿಸಿ ಸುಮ್ಮನೆ ಕೂರುವುದು ನಮ್ಮಲ್ಲಿ ವಿನಯ. ಇಲ್ಲಿ ನಿನ್ನ ಮೇಷ್ಟರು ಅದನ್ನು ನೋಡಿ ಹುಡುಗ ಓದಿಕೊಂಡು ಬಂದಿಲ್ಲ ಅಂದುಕೊಳ್ಳಬಹುದು.

ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರ ಮಗನ ಜಿಪಿಎ ಎಷ್ಟು ಅಂತ ಕೇಳುವುದನ್ನು ನಾನೂ ಕೇಳಿಸಿಕೊಂಡಿದ್ದೇನೆ. ಅಪ್ಪ ಅಮ್ಮನಿಗೆ ನಾನು ಹೇಳುತ್ತೇನೆ, ಆ ಭಾರ ನೀನು ಹೊರಬೇಡ. ನನಗಿರುವ ಚಿಂತೆ ಇನ್ನೊಂದು. ಇದು ಅವರ ಇತಿಹಾಸ, ಗ್ರೇಡಿಗಾಗಿ ಓದಿ ಮುಗಿಸಿದರಾಯಿತು ಅಂತ ನೀನು ಅಂದುಕೊಂಡುಬಿಡಬಾರದು. ನಿಮ್ಮಪ್ಪ ಈ ದೇಶಕ್ಕೆ ಬರುವ ದಾರಿ ತೆರೆದದ್ದು 1965ರ ವಲಸೆ ಕಾನೂನು. ಅದರ ಹಿಂದೆ ಕಪ್ಪುಜನರ ನಾಗರಿಕ ಹಕ್ಕುಗಳ ಹೋರಾಟವಿತ್ತು. ಅವರು ಪೊಲೀಸರ ಏಟು ತಿಂದು ಗೆದ್ದದ್ದರಲ್ಲಿ ನಮಗೂ ಪಾಲು ಬಂದಿದೆ.

1920ರ ದಶಕದ ಪಾಠ ಚಳಿಗಾಲದ ರಜೆಯ ಮೇಲೆ ಬರುತ್ತದೆ. ಅಷ್ಟರೊಳಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪು ಓದಿಕೊ. ಎರಡೂ ಉದ್ದವಿಲ್ಲ. 1922ರ ನವೆಂಬರಿನಲ್ಲಿ ಜಪಾನಿನ ಟಕಾವೊ ಓಜಾವಾಗೆ ನೀನು ಕಾಕೇಶಿಯನ್ ಅಲ್ಲ, ಆದ್ದರಿಂದ ಬಿಳಿಯನಲ್ಲ, ಪೌರತ್ವವಿಲ್ಲ ಅಂದರು. ಮೂರು ತಿಂಗಳ ಮೇಲೆ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಬಂದಾಗ, ಪಂಡಿತರು ನಿನ್ನನ್ನು ಕಾಕೇಶಿಯನ್ ಅಂದರೂ ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ನೀನು ಬಿಳಿಯನಲ್ಲ ಅಂದರು. ಎರಡನ್ನೂ ಬರೆದವರು ಒಬ್ಬರೇ, ನ್ಯಾಯಮೂರ್ತಿ ಸದರ್‌ಲ್ಯಾಂಡ್. ಥಿಂಡ್ ಪರವಾಗಿ ಹೂಡಿದ ವಾದವನ್ನೂ ಬಿಡದೆ ನೋಡು: ಅದು ಮೇಲ್ಜಾತಿಯವನು, ಆರ್ಯನು ಎಂಬ ಹಕ್ಕಿನ ಮೇಲೆ ನಿಂತಿತ್ತು. ಬಿಳಿಯರಿಗೆ ಮಾತ್ರ ಎಂಬ ಗೋಡೆಯೇ ತಪ್ಪು ಅಂತ ಅಲ್ಲಿ ಯಾರೂ ವಾದಿಸಲಿಲ್ಲ. ನಮ್ಮವರಿಗೆ ಪೌರತ್ವದ ದಾರಿ ಮತ್ತೆ ತೆರೆದದ್ದು 1946ರಲ್ಲಿ. ತೀರ್ಪುಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಕೋರ್ಟು ಎಲ್ಲಿ ತನ್ನ ಮಾತನ್ನೇ ಬದಲಿಸಿತು, ಥಿಂಡ್ ಎಲ್ಲಿ ಎಡವಿದ ಅಂತ ಗೆರೆ ಹಾಕಿಕೊ. ಆ ದಿನ ತರಗತಿಯಲ್ಲಿ ಕೈ ಎತ್ತು.

ನಿನ್ನ ಅತ್ತೆ